ಇಂಜಿನ್ ಕೆಲಸ ಮುಗಿದ ಮೇಲೂ ಹೊಗೆ: ಬಣ್ಣ, ಹೊತ್ತು ಮತ್ತು ರಸ್ತೆ ನೋಡಿ ದೋಷ ಹುಡುಕುವ ಕ್ರಮ

ಸಿಲಿಂಡರುಗಳ ಸವೆದ ಒಳಗೋಡೆಯನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಕೆಲಸವನ್ನೂ ಮುಗಿಸಿ ಮನೆಗೆ ತಂದ ಕಾರು ಸೈಲೆನ್ಸರಿನಿಂದ ಹೊಗೆ ಬಿಡತೊಡಗಿದರೆ, ಇಂಜಿನ್ನನ್ನು ಮತ್ತೆ ಇಳಿಸಬೇಕಾಯಿತಲ್ಲ ಎಂಬ ಚಿಂತೆಯೇ ಮಾಲೀಕರನ್ನು ಮೊದಲು ಹಿಡಿಯುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಅಷ್ಟು ದೂರ ಹೋಗಬೇಕಾಗುವುದಿಲ್ಲ. ಹೊಗೆಯ ಬಣ್ಣ ಯಾವುದು, ಅದು ಯಾವ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ, ಏರಿನಲ್ಲಿ ಹೆಚ್ಚೋ ಇಳಿಜಾರಿನಲ್ಲಿ ಹೆಚ್ಚೋ ಎಂಬುದನ್ನು ಕೆಲವು ದಿನ ಸಾವಧಾನವಾಗಿ ಗಮನಿಸಿ ಬರೆದಿಟ್ಟುಕೊಂಡರೆ, ಒಂದು ಬೋಲ್ಟನ್ನೂ ಬಿಚ್ಚದೆ ದೋಷ ಯಾವ ಭಾಗದಲ್ಲಿದೆ ಎಂಬುದರ ಬಲವಾದ ಸುಳಿವು ಸಿಗುತ್ತದೆ. ಈ ವಿಷಯದಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಯವರಿಗೆ ಒಂದು ದೊಡ್ಡ ಅನುಕೂಲವಿದೆ. ಕಡೂರು ಅಥವಾ ಚನ್ನರಾಯಪಟ್ಟಣದ ಕಡೆ ಸಮತಟ್ಟಾದ ರಸ್ತೆಯೂ, ಶಿರಾಡಿ ಮತ್ತು ಚಾರ್ಮಾಡಿಯಲ್ಲಿ ಕಿಲೋಮೀಟರುಗಟ್ಟಲೆ ಏರಿಳಿತವೂ ಕೈಗೆಟಕುವಷ್ಟು ಹತ್ತಿರದಲ್ಲಿರುವುದರಿಂದ, ಗ್ಯಾರೇಜಿನ ಒಳಗೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದಾಗ ಕಾಣದ ಲಕ್ಷಣಗಳು ಇಲ್ಲಿ ತಾವಾಗಿಯೇ ಹೊರಬೀಳುತ್ತವೆ.

ಪರೀಕ್ಷೆಗೆ ಮುನ್ನ ಪಾಲಿಸಬೇಕಾದ ಎಚ್ಚರ

ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುವ ಅಭ್ಯಾಸ ಮಲೆನಾಡಿನಲ್ಲಿ ಸಾಮಾನ್ಯ. ಆದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಎಚ್ಚರ ತಪ್ಪಿಸುವವರೆಗೆ ಗೊತ್ತಾಗುವುದಿಲ್ಲ. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಏಕೆಂದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾರಿನ ಕೆಳಗೆ ಹೋಗಬೇಕಿದ್ದರೆ ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಒಣ ಎಲೆ ಅಥವಾ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಇಂಜಿನ್ ಓಡಿಸುವುದೂ ಅಪಾಯ. ಎಣ್ಣೆ ಹಿಡಿದ ಸೈಲೆನ್ಸರ್ ಬಿಸಿಯಾದಾಗ ಬೆಂಕಿ ಹೊತ್ತಿಕೊಳ್ಳಬಹುದು.

ಮೊದಲ ಓಟಗಳಲ್ಲೇ ಕಾಣುವ ಹೊಗೆ

ಇಂಜಿನ್ ಜೋಡಿಸುವಾಗ ಸಿಲಿಂಡರ್ ಗೋಡೆಗೆ, ರಿಂಗಿಗೆ, ವಾಲ್ವ್ ಕಾಂಡಕ್ಕೆ ಎಣ್ಣೆ ಸವರಿರುತ್ತಾರೆ. ಅದು ಮೊದಲ ಕೆಲವು ನಿಮಿಷಗಳಲ್ಲಿ ಉರಿದು ಹೋಗುತ್ತದೆ. ಆದರೆ ಹಳೆಯ ಇಂಜಿನ್ ತಿಂಗಳುಗಟ್ಟಲೆ ಎಣ್ಣೆ ಸುಟ್ಟಿದ್ದರೆ ಆ ಎಣ್ಣೆಯ ಒಂದು ಪಾಲು ಸೈಲೆನ್ಸರಿನ ಒಳಗೆ ಕೂತಿರುತ್ತದೆ. ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಅದೇ ಹಳೆಯ ಸೈಲೆನ್ಸರನ್ನು ಹಾಕಿದಾಗ, ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಪೈಪು ಬಿಸಿಯೇರಿದಂತೆಲ್ಲ ಬೂದು ನೀಲಿ ಹೊಗೆ ಬರುತ್ತಲೇ ಇರುತ್ತದೆ. ಈ ಕಾರಣಕ್ಕೆ ಎಷ್ಟೋ ಇಂಜಿನ್ನುಗಳನ್ನು ಸುಮ್ಮಸುಮ್ಮನೆ ಮತ್ತೆ ಬಿಚ್ಚುತ್ತಾರೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇದನ್ನು ತಿಳಿಯುವ ಬಗೆ ಸುಲಭ. ಇಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿದರೆ ಹೊಗೆ ಇರುವುದಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿ ಸೈಲೆನ್ಸರಿನ ಹಿಂಭಾಗ ಚೆನ್ನಾಗಿ ಕಾದ ಮೇಲೆ ಶುರುವಾಗುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಮಾತ್ರ ಇಳಿಯುವುದಿಲ್ಲ. ಈ ನಾಲ್ಕೂ ಹೊಂದಿಕೆಯಾದರೆ ಒಂದೆರಡು ದೂರದ ಓಟ ಮುಗಿಯುವವರೆಗೆ ತಾಳ್ಮೆಯಿಂದಿರುವುದೇ ಮದ್ದು.

ಚಳಿಗಾಲದ ಬೆಳಗಿನ ಬಿಳಿ ಆವಿ

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಕಾಫಿ ಕೊಯ್ಲಿನ ದಿನಗಳ ತಣ್ಣನೆಯ ಮುಂಜಾವಿನಲ್ಲಿ ಆ ಆವಿ ತಕ್ಷಣ ಸಣ್ಣ ಹನಿಗಳಾಗಿ ದಟ್ಟ ಬಿಳಿಯಾಗಿ ಕಾಣುತ್ತದೆ, ಸೈಲೆನ್ಸರಿನ ತುದಿಯಿಂದ ನೀರೂ ತೊಟ್ಟಿಕ್ಕುತ್ತದೆ. ಇಂಜಿನ್ ಬಿಸಿಯಾದ ಮೇಲೆ ಇದು ನಿಂತುಹೋದರೆ ದೋಷವೇನೂ ಇಲ್ಲ.

ಆವಿಯೋ ಎಣ್ಣೆ ಹೊಗೆಯೋ ಎಂಬ ಅನುಮಾನವಿದ್ದರೆ, ಒಂದು ಬಿಳಿ ರಟ್ಟನ್ನು ಸೈಲೆನ್ಸರಿನ ಬಾಯಿಂದ ಒಂದು ಅಡಿ ದೂರದಲ್ಲಿ ಅರ್ಧ ನಿಮಿಷ ಹಿಡಿದು, ನೆರಳಿನಲ್ಲಿ ಒಣಗಲು ಬಿಡಿ. ನೀರಿನ ಹನಿ ಆರಿದ ಮೇಲೆ ಕಲೆ ಉಳಿಯುವುದಿಲ್ಲ. ಎಣ್ಣೆಯಾದರೆ ಬೆಳಕಿಗೆ ಹಿಡಿದಾಗ ರಟ್ಟಿನ ಮೇಲೆ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ, ಬೆರಳಿಗೆ ಜಿಡ್ಡು ಹತ್ತುತ್ತದೆ. ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದ್ದರೆ ಒಣ ಮಸಿ ಕೂತಿರುತ್ತದೆ, ಉಜ್ಜಿದರೆ ಪುಡಿಯಾಗಿ ಹರಡುತ್ತದೆ.

ಇಂಜಿನ್ ಬಿಸಿಯಾದರೂ ನಿಲ್ಲದ ಬಿಳಿ ಹೊಗೆ

ಬಿಳಿ ಹೊಗೆಗೆ ಸಿಹಿಯಾದ ವಾಸನೆಯಿದ್ದು, ರೇಡಿಯೇಟರಿನಲ್ಲಿ ಕೂಲಂಟ್ ಕಡಿಮೆಯಾಗುತ್ತಿದ್ದರೆ ನೀರು ಸಿಲಿಂಡರಿನೊಳಗೆ ಹೋಗುತ್ತಿದೆ ಎಂದೇ ಅರ್ಥ. ಮೊದಲು ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಅಂಚಿನವರೆಗೆ ನೀರು ತುಂಬಿ, ಇಂಜಿನ್ ಚಾಲೂ ಮಾಡಿ ಗಮನಿಸಿ. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ಸ್ವಲ್ಪ ಹೊತ್ತು ಗುಳ್ಳೆಯಾಗಿ ಬರುವುದು ಸಹಜ. ಗಾಳಿ ಪೂರ್ತಿ ಹೊರಹೋದ ಮೇಲೂ ಇಂಜಿನ್ ವೇಗ ಹೆಚ್ಚಿಸಿದಂತೆ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಉರಿದ ಅನಿಲ ನೀರಿನ ದಾರಿಗೆ ನುಗ್ಗುತ್ತಿದೆ. ಆಯಿಲ್ ಕ್ಯಾಪಿನ ಅಡಿಯಲ್ಲಿ ಹಾಲಿನ ಕೆನೆಯಂಥ ಬಿಳಿ ಪದರ ಕಂಡ ಕೂಡಲೇ ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಹೋಯಿತೆಂದು ತೀರ್ಮಾನಿಸಬೇಡಿ. ಚಳಿಗಾಲದಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ತೇವದಿಂದಲೇ ಅದು ಬರುತ್ತದೆ. ಡಿಪ್‌ಸ್ಟಿಕ್ಕಿಗೆ ಹತ್ತಿದ ಎಣ್ಣೆಯೂ ಬಿಳಿಚಿದ್ದರೆ ಮಾತ್ರ ವಿಷಯ ಗಂಭೀರ, ಆಗ ಇಂಜಿನ್ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ನೀರು ಬೆರೆತ ಎಣ್ಣೆ ಹೊಸ ಬೇರಿಂಗುಗಳನ್ನು ಬಹಳ ಬೇಗ ತಿಂದುಹಾಕುತ್ತದೆ.

ಮುಂದಿನ ಹಂತ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಕ್ರಮವಾಗಿ ಸಾಲಿಟ್ಟು ನೋಡುವುದು. ಉಳಿದವು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ನೀರು ಸೇರುತ್ತಿರುವ ಸಿಲಿಂಡರ್ ಅದೇ. ಕೆಲಸ ಮಾಡಿಸಿದ ಇಂಜಿನ್ನಿನಲ್ಲಿ ಹೀಗಾಗಲು ಕೆಲವು ನಿರ್ದಿಷ್ಟ ಕಾರಣಗಳಿವೆ: ಹೆಡ್ಡನ್ನು ಫೇಸಿಂಗ್ ಮಾಡಿಸದೆ, ಅಂದರೆ ಅಡಿಮುಖವನ್ನು ಮಟ್ಟ ಮಾಡಿಸದೆ ಕೂರಿಸಿರುವುದು, ಗ್ಯಾಸ್ಕೆಟ್ಟನ್ನು ತಿರುಗಿಸಿ ಹಾಕಿ ನೀರಿನ ತೂತುಗಳು ಮುಚ್ಚಿಹೋಗಿರುವುದು, ಎಳೆದು ಉದ್ದವಾದ ಹಳೆಯ ಬೋಲ್ಟುಗಳನ್ನೇ ಬಳಸಿರುವುದು, ಅಥವಾ ಬೋಲ್ಟಿನ ತೂತಿನಲ್ಲಿ ಎಣ್ಣೆ, ನೀರು ಉಳಿದಿರುವುದು. ಕೊನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ತಳ ಮುಚ್ಚಿದ ತೂತಿನಲ್ಲಿ ದ್ರವ ನಿಂತಿದ್ದರೆ ಬೋಲ್ಟು ಪೂರ್ತಿ ಇಳಿಯುವ ಮೊದಲೇ ಟಾರ್ಕ್ ರೆಂಚ್ ಬಿಗಿಯಾಯಿತೆಂದು ತೋರಿಸುತ್ತದೆ; ಹೆಡ್ ಮಾತ್ರ ಸಡಿಲವಾಗಿಯೇ ಉಳಿದಿರುತ್ತದೆ, ಕೆಲವೊಮ್ಮೆ ಬ್ಲಾಕೇ ಬಿರುಕು ಬಿಡುತ್ತದೆ.

ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಸ್ಟಾರ್ಟರ್ ತಿರುಗಿಸಿದಾಗ ಟಕ್ಕೆಂದು ನಿಂತರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಸಿಲಿಂಡರಿನಲ್ಲಿ ನೀರು ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಗ್ನಿಷನ್ ಸಂಪರ್ಕ ತಪ್ಪಿಸಿ, ಪ್ಲಗ್ಗುಗಳನ್ನೆಲ್ಲ ತೆಗೆದು, ಪಕ್ಕಕ್ಕೆ ಸರಿದು ತಿರುಗಿಸಿದರೆ ನೀರು ಹೊರಗೆ ಚಿಮ್ಮುತ್ತದೆ.

ಬಿಳಿ ಹೊಗೆಗೆ ಇನ್ನೊಂದು ಕಾರಣವಿದೆ, ಅದಕ್ಕೂ ಇಂಜಿನ್ ಕೆಲಸಕ್ಕೂ ಸಂಬಂಧವಿಲ್ಲ. ಬ್ರೇಕ್ ಮಾಸ್ಟರ್ ಸಿಲಿಂಡರಿನ ಹಿಂಬದಿ ಸೀಲ್ ಹೋದರೆ ಬ್ರೇಕ್ ಆಯಿಲ್ ಅದರ ಹಿಂದಿನ ಬೂಸ್ಟರಿಗೆ (ಬ್ರೇಕ್ ಒತ್ತಲು ನೆರವಾಗುವ ಡಬ್ಬಿಗೆ) ಇಳಿದು, ಅಲ್ಲಿಂದ ವ್ಯಾಕ್ಯೂಮ್ ಪೈಪಿನ ಮೂಲಕ ಇಂಜಿನ್ನಿನೊಳಗೆ ಸೆಳೆಯಲ್ಪಡುತ್ತದೆ. ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಆ ಪೈಪನ್ನು ಬಿಡಿಸಿ ಒಳಗೆ ತೇವವಿದೆಯೇ ನೋಡಿ. ತೇವವಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬಾರದು, ಘಾಟಿಗಂತೂ ಒಯ್ಯಲೇಬಾರದು.

ನೀಲಿ ಹೊಗೆ: ಎಣ್ಣೆ ಯಾವ ದಾರಿಯಿಂದ ಬರುತ್ತಿದೆ

ನೀಲಿ ಹೊಗೆಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದು ಸಿಲಿಂಡರಿಗೆ ಕೆಳಗಿನಿಂದ ರಿಂಗುಗಳನ್ನು ದಾಟಿ ಬರಬಹುದು, ಮೇಲಿನಿಂದ ವಾಲ್ವ್ ಗೈಡ್ (ವಾಲ್ವ್ ಕಾಂಡ ಆಡುವ ಕೊಳವೆ) ಮೂಲಕ ಇಳಿಯಬಹುದು, ಇಲ್ಲವೇ ಇಂಜಿನ್ನಿನ ಒಳಗಿನ ಅನಿಲ ಹೊರಬಿಡುವ ಬ್ರೀದರ್ ಪೈಪಿನಿಂದ ಗಾಳಿಯ ಜೊತೆ ಸೇರಿ ಬರಬಹುದು. ಖರ್ಚಿಲ್ಲದ ಮೂರನೆಯದರಿಂದ ಶುರುಮಾಡಿ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ. ಹೊಸ ಇಂಜಿನ್ನಿಗೆ ಎಣ್ಣೆ ಹೆಚ್ಚಿದ್ದರೆ ಒಳ್ಳೆಯದೆಂದು ಮೇಲಿನ ಗೆರೆ ದಾಟುವಂತೆ ಸುರಿದಿದ್ದರೆ, ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸಿ ಬ್ರೀದರಿನತ್ತ ತಳ್ಳುತ್ತದೆ. ಹೆಚ್ಚಾದದ್ದನ್ನು ಇಳಿಸಿಬಿಡಿ. ಬಳಿಕ ಬ್ರೀದರಿನ ಅನಿಲವನ್ನು ಇಂಜಿನ್ನಿಗೆ ಮರಳಿಸುವ ಪಿಸಿವಿ ವಾಲ್ವನ್ನು ಬಿಡಿಸಿ ಅಲ್ಲಾಡಿಸಿ. ಒಳಗಿನ ತುಣುಕು ಕಟಕಟ ಎನ್ನಬೇಕು. ಇಂಜಿನ್ನಿಗೆ ಸಾವಿರಾರು ರೂಪಾಯಿ ಹಾಕಿ, ಮಸಿ ಕಟ್ಟಿದ ಹಳೆಯ ಪಿಸಿವಿ ವಾಲ್ವನ್ನೇ ಮತ್ತೆ ಸಿಕ್ಕಿಸಿರುವುದು ಅಪರೂಪವೇನಲ್ಲ. ಏರ್ ಫಿಲ್ಟರ್ ಡಬ್ಬಿಯೊಳಗೆ ಎಣ್ಣೆ ತೊಟ್ಟಿಕ್ಕಿದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಇವು ಸರಿಯಿದ್ದರೆ ರಸ್ತೆಯ ಪರೀಕ್ಷೆ. ಹಿಂದೆ ಇನ್ನೊಂದು ಗಾಡಿಯಲ್ಲಿ ತಿಳಿದವರೊಬ್ಬರು ಸಾಕಷ್ಟು ಅಂತರವಿಟ್ಟು ಬರಲಿ. ಓಡಿಸುವವರು ಕನ್ನಡಿಯಲ್ಲಿ ಹೊಗೆ ಹುಡುಕುತ್ತಾ ಘಾಟಿಯಲ್ಲಿ ಹೋಗುವುದು ಸಲ್ಲದು. ಕೊಟ್ಟಿಗೆಹಾರದಿಂದ ಚಾರ್ಮಾಡಿಯ ಕಡೆಗೆ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ, ಥ್ರಾಟಲ್ ಮುಚ್ಚಿರುವುದರಿಂದ ಪೆಟ್ರೋಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ (ಗಾಳಿ ಒಳಹೋಗುವ ಕವಲು ಪೈಪಿನಲ್ಲಿ) ಬಲವಾದ ಸೆಳೆತ ಉಂಟಾಗುತ್ತದೆ. ವಾಲ್ವ್ ಸೀಲ್ ಹೋಗಿದ್ದರೆ, ಗೈಡ್ ಸಡಿಲವಿದ್ದರೆ, ಆ ಸೆಳೆತಕ್ಕೆ ಹೆಡ್ಡಿನ ಮೇಲಿನ ಎಣ್ಣೆ ಒಳಗಿಳಿಯುತ್ತದೆ. ತಿರುವು ದಾಟಿ ಮತ್ತೆ ಆಕ್ಸಿಲರೇಟರ್ ಒತ್ತಿದ ಕ್ಷಣ ಒಂದು ನೀಲಿ ಮೋಡ ಹೊರಬಿದ್ದು, ಕೆಲವೇ ಸೆಕೆಂಡುಗಳಲ್ಲಿ ಚದುರಿಹೋಗುತ್ತದೆ. ಮರಳಿ ಮೇಲೇರುವಾಗ ಲಕ್ಷಣ ಬೇರೆ. ಇಂಜಿನ್ ದುಡಿಯುತ್ತಿರುವಷ್ಟು ಹೊತ್ತೂ ನೀಲಿ ಹೊಗೆ ಬಿಡದೆ ಬರುತ್ತಿದ್ದು, ಆಯಿಲ್ ಕ್ಯಾಪ್ ಸಡಿಲಿಸಿದಾಗ ಬುಸುಬುಸು ಅನಿಲ ಹೊರಬಂದರೆ ದೋಷ ರಿಂಗು ಅಥವಾ ಬೋರಿನದು. ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕುವುದು, ಇಂಜಿನ್ ಆರಿಸುವುದು ಬೇಡವೇ ಬೇಡ.

ಇಳಿಜಾರಿನ ಸೆಳೆತಕ್ಕೆ ಆಯಿಲ್ ರಿಂಗ್ ದಾಟಿಯೂ ಎಣ್ಣೆ ಮೇಲೆ ಬರಬಹುದಾದ್ದರಿಂದ ಆ ಒಂದೇ ಲಕ್ಷಣ ಸಾಲದು. ಅದಕ್ಕೆ ಜೊತೆಯಾಗಿ ನೋಡಬೇಕಾದದ್ದು ಬೆಳಗಿನ ಮೊದಲ ಚಾಲೂ. ರಾತ್ರಿಯೆಲ್ಲ ನಿಂತ ಗಾಡಿ ಶುರುವಾದೊಡನೆ ಒಮ್ಮೆ ನೀಲಿ ಹೊಗೆ ಬಿಟ್ಟು ತಿಳಿಯಾದರೆ, ಎಣ್ಣೆ ಮೇಲಿನಿಂದ ಕೆಳಗೆ ಜಿನುಗಿರಬೇಕು, ರಿಂಗಿನಿಂದ ಹಾಗಾಗದು. ಹೊಸ ಸೀಲ್ ಹಾಕಿಯೂ ಹೀಗಾದರೆ, ವಾಲ್ವ್ ಕಾಂಡದ ತುದಿಯ ತೋಡಿನ ಅಂಚಿಗೆ ತಗುಲಿ ಸೀಲಿನ ತುಟಿ ಕುಯ್ದಿರಬಹುದು, ಅಳತೆ ತಪ್ಪಿದ ಸೀಲ್ ಬಂದಿರಬಹುದು, ಅಥವಾ ಸವೆದ ಗೈಡನ್ನು ಹಾಗೇ ಬಿಟ್ಟು ಸೀಲ್ ಮಾತ್ರ ಬದಲಿಸಿರಬಹುದು. ಹೆಡ್ಡಿನಿಂದ ಎಣ್ಣೆ ಕೆಳಗಿಳಿಯುವ ತೂತನ್ನು ಗ್ಯಾಸ್ಕೆಟ್ ಪೇಸ್ಟ್ ಮುಚ್ಚಿದ್ದರೂ ಮೇಲೆ ಎಣ್ಣೆ ತುಂಬಿನಿಂತು ಇದೇ ಲಕ್ಷಣ ತೋರುತ್ತದೆ. ವಾಲ್ವ್ ಕವರ್ ತೆಗೆದರೆ ಇದು ಕಣ್ಣಿಗೇ ಕಾಣುತ್ತದೆ.

ರಿಂಗ್ ಕೂತಿಲ್ಲವೋ, ತಪ್ಪಾಗಿ ಕೂತಿದೆಯೋ

ಹೊಸ ರಿಂಗು ಬೋರಿನ ಗೋಡೆಗೆ ಒಗ್ಗಲು ಓಟ ಬೇಕು, ಅದೂ ಸರಿಯಾದ ಓಟ. ಹೋನಿಂಗ್ ಮಾಡಿದ, ಅಂದರೆ ಕಲ್ಲಿನಿಂದ ನವಿರಾಗಿ ಉಜ್ಜಿದ ಗೋಡೆಯ ಮೇಲಿನ ಅಡ್ಡಡ್ಡ ಗೀರುಗಳ ಏಣುಗಳನ್ನು ರಿಂಗು ಉಜ್ಜಿ ಸಮಮಾಡಬೇಕಿದ್ದರೆ, ಉರಿಯುವ ಅನಿಲದ ಒತ್ತಡ ಅದನ್ನು ಹಿಂದಿನಿಂದ ಗೋಡೆಗೆ ಒತ್ತಬೇಕು. ಗಾಡಿಯನ್ನು ಮನೆಯ ಮುಂದೆ ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದರೆ ಆ ಒತ್ತಡ ಸಿಗುವುದಿಲ್ಲ. ಬದಲಾಗಿ ಎಣ್ಣೆ ಗೋಡೆಯ ಮೇಲೆ ಸುಟ್ಟು ಗಾಜಿನಂತೆ ನುಣ್ಣಗಾಗುತ್ತದೆ, ಆಮೇಲೆ ರಿಂಗು ಕೂರುವುದೇ ಇಲ್ಲ. ಹೊಸ ಇಂಜಿನ್ನನ್ನು ಮೆಲ್ಲಗೆ ಓಡಿಸಬೇಕು ಎಂಬ ಕಾಳಜಿ ಅತಿಯಾದಾಗ ಆಗುವ ಹಾನಿಯಿದು.

ಇಂಜಿನ್ ಹದವಾಗಿ ಬಿಸಿಯಾದ ಮೇಲೆ, ವಾಹನ ಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ಕಡೂರು ರಸ್ತೆಯಲ್ಲೋ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲೋ, ಮೇಲಿನ ಗೇರಿನಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗದಿಂದ 65–70ರವರೆಗೆ ಸ್ಥಿರವಾಗಿ ವೇಗ ಹೆಚ್ಚಿಸಿ, ಕಾಲು ತೆಗೆದು ತಾನಾಗಿ 40ಕ್ಕೆ ಇಳಿಯಲು ಬಿಡಿ. ಇದನ್ನು ಹಲವು ಬಾರಿ ಮಾಡಿ. ಮೊದಲ 500 ಕಿ.ಮೀ. ಆದಾಗ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ರಿಂಗು ಕೂರುವವರೆಗೆ ಸಿಂಥೆಟಿಕ್ ಎಣ್ಣೆಗಿಂತ ಕೈಪಿಡಿ ಹೇಳುವ ದರ್ಜೆಯ ಮಿನರಲ್ ಎಣ್ಣೆಯೇ ಮೇಲು. ಗಟ್ಟಿ ಎಣ್ಣೆ ಹಾಕಿ, ಹೊಗೆ ನಿಲ್ಲಿಸುವ ಔಷಧಿ ಸುರಿದು ಲಕ್ಷಣವನ್ನು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಕೆಲಸದ ಗ್ಯಾರಂಟಿ ಅವಧಿ ಮುಗಿದುಹೋಗುತ್ತದೆ. ಪ್ರತಿ ವಾರ ಬೆಳಗ್ಗೆ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸಿ ಎಣ್ಣೆಯ ಮಟ್ಟವನ್ನೂ ಮೀಟರಿನ ಕಿಲೋಮೀಟರನ್ನೂ ಬರೆದಿಡಿ. 1500–2000 ಕಿ.ಮೀ. ದಾಟಿಯೂ ಎಣ್ಣೆಯ ಖರ್ಚು ಇಳಿಯದಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು.

ಅದು ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿ, ಸ್ಟಾರ್ಟರ್ ತಿರುಗಿಸಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಇಂಜಿನ್ ಬಿಸಿಯಿರಲಿ, ಪ್ಲಗ್ಗುಗಳೆಲ್ಲ ಹೊರಗಿರಲಿ, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ನಿಲ್ಲಿಸಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಇಲ್ಲಿ ಊರಿನ ಎತ್ತರವನ್ನು ಮರೆಯಬಾರದು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1000 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ, ಗೇಜೂ ಅಷ್ಟರಮಟ್ಟಿಗೆ ಕಡಿಮೆಯನ್ನೇ ತೋರಿಸುತ್ತದೆ. ಕೈಪಿಡಿಯಲ್ಲಿ 12 ಬಾರ್ ಎಂದಿರುವ ಕಡೆ 10.8 ಬಂದರೆ ಗಾಬರಿ ಬೇಡ. ಸಿಲಿಂಡರುಗಳ ನಡುವೆ ಶೇ. 10–15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಕಡಿಮೆಯಿರುವ ಸಿಲಿಂಡರಿಗೆ ಒಂದು ಟೀ ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ: ಒತ್ತಡ ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಎಲ್ಲರನ್ನೂ ದಾರಿ ತಪ್ಪಿಸುವ ಸ್ಥಿತಿಯೊಂದಿದೆ. ಕಂಪ್ರೆಷನ್ ಎಲ್ಲ ಸಿಲಿಂಡರುಗಳಲ್ಲೂ ಚೆನ್ನಾಗಿದೆ, ಬ್ರೀದರಿನಲ್ಲಿ ಅನಿಲವೂ ಹೆಚ್ಚಿಲ್ಲ, ವಾಲ್ವ್ ಸೀಲೂ ಸರಿಯಿದೆ. ಆದರೂ ನೀಲಿ ಹೊಗೆ ನಿಲ್ಲದು. ಮೇಲಿನ ಎರಡು ರಿಂಗುಗಳು ಒತ್ತಡವನ್ನು ಹಿಡಿಯುತ್ತವೆ, ಎಣ್ಣೆ ಒರೆಸುವುದು ಬಹುಮಟ್ಟಿಗೆ ಮೂರನೆಯ ಆಯಿಲ್ ರಿಂಗಿನ ಕೆಲಸ. ಜೋಡಿಸುವಾಗ ಅದರ ಸುಕ್ಕಿನ ಸ್ಪ್ರಿಂಗಿನ ಎರಡು ತುದಿಗಳು ಎದುರುಬದುರು ಕೂರದೆ ಒಂದರ ಮೇಲೊಂದು ಏರಿದ್ದರೆ ರಿಂಗಿಗೆ ಬಿಗಿತವೇ ಇರುವುದಿಲ್ಲ. ಎರಡನೆಯ ರಿಂಗನ್ನು ಗುರುತಿನ ಮುಖ ಕೆಳಗಾಗಿ ಹಾಕಿದರೆ ಅದೂ ಎಣ್ಣೆಯನ್ನು ಕೆಳಗೆ ಒರೆಸುವ ಬದಲು ಮೇಲಕ್ಕೇ ಎಳೆದೊಯ್ಯುತ್ತದೆ. ಗೇಜಿನಲ್ಲಿ ಇವೆರಡೂ ಕಾಣುವುದಿಲ್ಲ.

ಕಪ್ಪು ಹೊಗೆ

ಇದು ಇಂಧನ ಹೆಚ್ಚಾಗಿ ಗಾಳಿ ಕಡಿಮೆಯಾದ ಗುರುತು, ರಿಂಗಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಏರ್ ಫಿಲ್ಟರ್ ನೋಡಿ, ಚೋಕ್ ಪೂರ್ತಿ ತೆರೆಯುತ್ತಿದೆಯೇ ನೋಡಿ, ಕಾರ್ಬುರೇಟರಿನ ಫ್ಲೋಟ್ ಮಟ್ಟ ನೋಡಿ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಗಾಡಿ ಘಾಟಿ ಹತ್ತಿದ ಮೇಲೆ ತೆಳುವಾದ ಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಕಪ್ಪಗೆ ಹೊಗೆಯಾಡುವುದುಂಟು, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ದಾರಿಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಇಂಜಿನ್ ಇಳಿಸುವಾಗ ಬಿಡಿಸಿದ ಸೆನ್ಸರ್ ಕನೆಕ್ಟರುಗಳನ್ನು ಮೊದಲು ಪರೀಕ್ಷಿಸಿ. ಕಪ್ಪು ಹೊಗೆಯನ್ನು ಹಾಗೇ ಬಿಟ್ಟರೆ ಹೆಚ್ಚಾದ ಪೆಟ್ರೋಲ್ ಗೋಡೆಯ ಎಣ್ಣೆಯನ್ನು ತೊಳೆದು ಹೊಸ ರಿಂಗುಗಳನ್ನು ಸವೆಸುತ್ತದೆ.

ಡೀಸೆಲ್ ಗಾಡಿಗಳಲ್ಲಿ

ತೋಟದ ಜೀಪುಗಳೂ ಹಳೆಯ ಡೀಸೆಲ್ ಕಾರುಗಳೂ ಬೆಳಗ್ಗೆ ಕಣ್ಣುರಿಸುವ ಬಿಳಿ ಹೊಗೆ ಬಿಟ್ಟರೆ ಅದು ಉರಿಯದ ಡೀಸೆಲ್. ಗ್ಲೋ ಪ್ಲಗ್ (ಚಾಲೂ ಮಾಡುವಾಗ ಸಿಲಿಂಡರಿನೊಳಗೆ ಬಿಸಿ ಕೊಡುವ ಪ್ಲಗ್), ಪಂಪಿನ ಟೈಮಿಂಗ್, ಕೊನೆಗೆ ಕಂಪ್ರೆಷನ್ ಎಂಬ ಕ್ರಮದಲ್ಲಿ ನೋಡಿ. ಡೀಸೆಲ್ ಸಿಲಿಂಡರಿಗೆ ಎಣ್ಣೆ ಬಿಟ್ಟು ಕಂಪ್ರೆಷನ್ ಅಳೆಯಬಾರದು, ಉರಿಯುವ ಜಾಗ ಅಷ್ಟು ಕಿರಿದಾದ್ದರಿಂದ ಅಳತೆಯೂ ಸುಳ್ಳಾಗುತ್ತದೆ, ಇಂಜಿನ್ನಿಗೂ ಪೆಟ್ಟಾಗುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ನೀಲಿ ಹೊಗೆ ಕಂಡರೆ ಟರ್ಬೊ ಪೈಪಿನೊಳಗೆ ಎಣ್ಣೆ ನಿಂತಿದೆಯೇ ಎಂದು ಮೊದಲು ನೋಡಬೇಕು. ಆ ಎಣ್ಣೆಯನ್ನೇ ಇಂಧನವಾಗಿ ಕುಡಿದು ಇಂಜಿನ್ ತಾನಾಗಿ ವೇಗ ಏರಿಸಿಕೊಂಡರೆ ಬೀಗದ ಕೈ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಆಗ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ಬಂದ್ ಬೀಳಿಸಬೇಕು. ಹಾಗೆ ಮಾಡಲಾಗದಿದ್ದರೆ ದೂರ ಸರಿಯಿರಿ. ಗಾಳಿ ಒಳಗೆಳೆಯುವ ಬಾಯಿಗೆ ಕೈ ಅಡ್ಡವಿಡಬೇಡಿ. ಡೀಸೆಲನ್ನು ಅತಿಯಾದ ಒತ್ತಡದಲ್ಲಿ ಚಿಮ್ಮಿಸುವ ಕಾಮನ್ ರೈಲ್ ಗಾಡಿಗಳ ಇಂಜೆಕ್ಟರ್ ಪೈಪುಗಳನ್ನು ಇಂಜಿನ್ ಓಡುತ್ತಿರುವಾಗ ಸಡಿಲಿಸುವುದೂ ಬೇಡ, ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.

ಮತ್ತೆ ಬಿಚ್ಚಲೇಬೇಕಾದರೆ

ಎಣ್ಣೆಯ ಕೆಂಪು ದೀಪ ಹತ್ತಿದರೆ, ಕೆಳಗಿನಿಂದ ಬಡಿತದ ಸದ್ದು ಬಂದರೆ, ಬಿಸಿಯ ಮುಳ್ಳು ಏರುತ್ತಲೇ ಹೋದರೆ, ಗಾಡಿಯನ್ನು ಓಡಿಸದೆ ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಕೆಲಸ ಮಾಡಿದ ಮೇಸ್ತ್ರಿಯೇ ಇಂಜಿನ್ ಬಿಚ್ಚಲಿ, ನೀವೂ ಎದುರಿಗಿರಿ. ಬೇರೆ ಕಡೆ ಬಿಚ್ಚಿಸಿದರೆ ಗ್ಯಾರಂಟಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಬರೆದಿಟ್ಟ ಲಕ್ಷಣಗಳನ್ನೂ ಎಣ್ಣೆಯ ಲೆಕ್ಕವನ್ನೂ ಮೊದಲು ಅವರ ಮುಂದಿಡಿ.

ಹೆಡ್ ಎತ್ತಿದ ಕೂಡಲೇ ಒರೆಸಲು ಬಿಡದೆ ಪಿಸ್ಟನ್ ತಲೆಗಳನ್ನು ನೋಡಿ. ಅಂಚಿನ ಸುತ್ತ ಮಸಿಯಿಲ್ಲದೆ ಎಣ್ಣೆಯಿಂದ ತೊಳೆದಂಥ ಉಂಗುರವಿದ್ದರೆ ಎಣ್ಣೆ ರಿಂಗಿನಿಂದ ಬಂದಿದೆ. ಇನ್‌ಟೇಕ್ ವಾಲ್ವಿನ ಹಿಂಬದಿಯಲ್ಲಿ ದಪ್ಪನೆಯ ಜಿಡ್ಡುಮಸಿ ಕಟ್ಟಿದ್ದರೆ ಗೈಡಿನಿಂದ. ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ನೇರಮಾಡಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಸಿ. ಸಣ್ಣ ಕಾರುಗಳಲ್ಲಿ ಮೇಲಿನ ರಿಂಗಿಗೆ ಅದು ಸಾಮಾನ್ಯವಾಗಿ 0.15ರಿಂದ 0.30 ಮಿ.ಮೀ. ಇರುತ್ತದೆ. ಬೋರಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲೂ ತೆಗೆಸಿ ಲೇತ್ ಅಂಗಡಿಯವರಿಂದ ಬರೆಸಿಕೊಳ್ಳಿ. ಬೋರು ದುಂಡಗಿದ್ದು ಗೋಡೆ ಮಾತ್ರ ನುಣ್ಣಗಾಗಿದ್ದರೆ ಹಗುರವಾಗಿ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಿದರೆ ಸಾಕು. ಹೋನಿಂಗ್ ಆದ ಮೇಲೆ ಬೋರನ್ನು ಪೆಟ್ರೋಲಿನಿಂದ ಒರೆಸಿ ಬಿಡದೆ ಬಿಸಿನೀರು, ಸೋಪು ಹಾಕಿ ಬ್ರಶ್ಶಿನಿಂದ ತಿಕ್ಕಿ ತೊಳೆಸಿ, ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಗೋಡೆಗೆ ಒರೆಸಿ ನೋಡಿ. ಬಟ್ಟೆ ಬೂದಾದರೆ ಕಲ್ಲಿನ ಪುಡಿ ಇನ್ನೂ ಒಳಗಿದೆ, ಮತ್ತೆ ತೊಳೆಯಬೇಕು.